ಬ್ಲಾಕ್ ಕೊಡಿ, ಬೈಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ‘ಹಳಿ ಕಾಮಗಾರಿ, ರೈಲು ರದ್ದು’ ಅಂತ ಪೇಪರಿನಲ್ಲಿ ಕಂಡ ಕೂಡಲೇ ರೈಲ್ವೆಯವರಿಗೆ ಶಾಪ ಹಾಕುತ್ತೀರಿ, ಅಲ್ವಾ? ನಾನು ಇವತ್ತು ಆ ರದ್ದತಿಯ ಪರವಾಗಿಯೇ ಮಾತಾಡಲು ಬಂದವನು. ರೈಲು ನಿಲ್ಲಿಸಿ ಹಳಿ ಕೆಲಸಕ್ಕೆ ಬಿಟ್ಟುಕೊಡುವ ಹೊತ್ತಿಗೆ ‘ಬ್ಲಾಕ್’ ಅನ್ನುತ್ತಾರೆ. ಆ ಬ್ಲಾಕ್ ಕೊಡಿ. ನನ್ನ ಮಾತು ಇಷ್ಟೇ.

ಹಳಿ ಉಕ್ಕಿನದು, ಅದಕ್ಕೇನಾಗುತ್ತೆ ಅಂತ ನಿಮಗನಿಸಬಹುದು. ತಂತಿಯನ್ನು ಆಚೆ ಈಚೆ ಬಗ್ಗಿಸುತ್ತಾ ಹೋದರೆ ಪಟ್ ಅಂತ ತುಂಡಾಗುತ್ತದಲ್ಲ, ಹಳಿಯೂ ಹಾಗೇ ದಣಿಯುತ್ತದೆ. ಚಕ್ರ ಹಳಿಗೆ ತಾಗುವ ಜಾಗ ಸುಮಾರು ಒಂದು ಚದರ ಸೆಂಟಿಮೀಟರ್. ಟನ್‌ಗಟ್ಟಲೆ ಭಾರ ಅಷ್ಟರ ಮೇಲೆ! ತಿರುವಿನಲ್ಲಂತೂ ಹೊರಗಿನ ಹಳಿಯ ಒಳಅಂಚಿನಲ್ಲಿ ಸಣ್ಣ ಸಣ್ಣ ಬಿರುಕು ಸಾಲಾಗಿ ಏಳುತ್ತವೆ.

ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಕಥೆ ಕೇಳಿ. ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿ ಕೇಳಿ ಸುಸ್ತಾಗಿದ್ದಾರೆ, ಆದರೂ ಹೇಳುತ್ತೇನೆ. 2000ದ ಅಕ್ಟೋಬರ್ 17, ಮಧ್ಯಾಹ್ನ. ಲಂಡನ್ನಿನಿಂದ ಲೀಡ್ಸ್‌ಗೆ ಹೊರಟ ರೈಲು ಗಂಟೆಗೆ 185 ಕಿಲೋಮೀಟರ್ ವೇಗದಲ್ಲಿ ತಿರುವಿಗೆ ಬಂತು. ಅಂಥದೇ ಬಿರುಕು ಬಿಟ್ಟಿದ್ದ ಹಳಿ ಒಡೆಯಿತು. ಒಂದೆರಡು ತುಂಡಲ್ಲ, ಮುನ್ನೂರಕ್ಕೂ ಜಾಸ್ತಿ ಚೂರು. ನಾಲ್ವರು ಸತ್ತರು, 70ಕ್ಕೂ ಹೆಚ್ಚು ಜನ ಗಾಯಗೊಂಡರು.

ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ಆ ಹಳಿ ಕೆಟ್ಟಿದೆ ಅಂತ ಹಿಂದಿನ ವರ್ಷವೇ ಗೊತ್ತಿತ್ತು. ಬದಲಿ ಹಳಿ ತಂದು ಪಕ್ಕದಲ್ಲೇ ಇಳಿಸಿ ತಿಂಗಳುಗಳೇ ಆಗಿದ್ದವು. ಹಾಕುವ ಕೆಲಸ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಅಲ್ಲಿಯವರೆಗೆ ನಿಧಾನ ಹೋಗಿ ಅಂತ ವೇಗವನ್ನಾದರೂ ಇಳಿಸಿದರಾ? ಅದೂ ಇಲ್ಲ.

ಆಮೇಲೆ ಹೆದರಿ ದೇಶದ ತುಂಬಾ 1,200ಕ್ಕೂ ಹೆಚ್ಚು ಕಡೆ ವೇಗ ಇಳಿಸಿದರು. ತಿಂಗಳುಗಟ್ಟಲೆ ರೈಲುಗಳೆಲ್ಲ ತಡ. ಹಳಿಗಳ ಒಡೆಯ ಕಂಪನಿ ರೈಲ್‌ಟ್ರ್ಯಾಕ್ ಮರುವರ್ಷವೇ ಮುಳುಗಿತು. ಒಂದೇ ಒಂದು ಬ್ಲಾಕ್ ಸಾಕಿತ್ತು ರೀ!

ಆಮೇಲೆ ಸಂಶೋಧಕರು ಈ ಬಿರುಕಿನ ಬೆನ್ನನ್ನು ಇನ್ನೂ ಜೋರಾಗಿ ಹತ್ತಿದರು. ಹಳಿಯೊಳಗೆ ಶ್ರವಣಾತೀತ, ಅಂದರೆ ನಮ್ಮ ಕಿವಿಗೆ ಕೇಳಿಸದ ಶಬ್ದ ಬಿಟ್ಟು ಬಿರುಕು ಹುಡುಕುತ್ತಾರೆ. ಆದರೆ ಮೇಲಿನ ಸಣ್ಣ ಬಿರುಕುಗಳೇ ಶಬ್ದವನ್ನು ತಡೆದು, ಆಳದ ದೊಡ್ಡ ಬಿರುಕನ್ನು ಮುಚ್ಚಿಡಬಹುದು. ಅದಕ್ಕೇ ಬಿರುಕು ಇನ್ನೂ ಸಣ್ಣದಿರುವಾಗಲೇ ಯಂತ್ರದಿಂದ ಹಳಿಯ ಮೇಲ್ಪದರ ತೆಳ್ಳಗೆ ಉಜ್ಜಿ ತೆಗೆಯುತ್ತಾರೆ. ಅದಕ್ಕೂ ಬ್ಲಾಕ್ ಬೇಕು.

ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಬೇಸಿಗೆಯಲ್ಲಿ ಹಳಿ ಸೊಟ್ಟಗಾಗುವುದು, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಕೈಕೊಡುವುದು, ಇದೆಲ್ಲ ಹೇಳಬೇಕಿತ್ತು, ಆಗಲಿಲ್ಲ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ ಮಳೆಗಾಲಕ್ಕೆ ಗುಡ್ಡ ಜರಿದರಂತೂ ಬ್ಲಾಕನ್ನು ಯಾರೂ ಕೇಳಬೇಕಿಲ್ಲ, ಗುಡ್ಡವೇ ಕೊಡುತ್ತದೆ.

ಈಗ ಓಡುವ ರೈಲಿಗೇ ಸೆನ್ಸರ್ ಕಟ್ಟಿ ಹಳಿಯ ಹುಳುಕು ಹುಡುಕುತ್ತಾರೆ. ಒಳ್ಳೆಯದೇ. ಆದರೆ ಸೆನ್ಸರ್ ಬೋಲ್ಟು ಬಿಚ್ಚುವುದಿಲ್ಲ, ಬೆಸುಗೆ ಹಾಕುವುದಿಲ್ಲ. ಅದಕ್ಕೆ ಜನ ಹಳಿಗೆ ಇಳಿಯಬೇಕು, ಅವರು ಇಳಿದಾಗ ರೈಲು ಬರಬಾರದು. ನಮಸ್ಕಾರ.