ಉಪ್ಪಿನೊಳಗೆ ಅಡಗಿದ ಲೋಹ

ಕೇಳುಗರೇ, ನಮಸ್ಕಾರ.

ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದೇ ನೀರಿನಲ್ಲಿ ಸೀಸ ಎಷ್ಟಿರಬಹುದು? ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ. ದಡದಿಂದ ದೂರದ ಸಾಗರದಲ್ಲಿ ಅಂಥ ಕೆಲವೇ ಪಾಲು ಸಿಗುತ್ತದೆ, ಅಷ್ಟೇ.

ಇದನ್ನು ಅಳೆಯಲು, ಪರಮಾಣುಗಳನ್ನು ತೂಕ ನೋಡಿ ಎಣಿಸುವ ಐಸಿಪಿ-ಎಂಎಸ್ ಯಂತ್ರಕ್ಕೆ ನೀರನ್ನು ನೇರವಾಗಿ ಬಿಟ್ಟರೆ ಆಗುವುದಿಲ್ಲವೇ? ಆಗುವುದಿಲ್ಲ. ಉಪ್ಪು ಯಂತ್ರದ ಕಿರುಬಾಯಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತರಲೆ ಇನ್ನೊಂದಿದೆ. ಯಂತ್ರದೊಳಗೆ ಬಳಸುವ ಆರ್ಗಾನ್ ಅನಿಲದ ಪರಮಾಣು ತೂಕ 40, ಉಪ್ಪಿನ ಸೋಡಿಯಂ ತೂಕ 23. ಎರಡೂ ಜೊತೆಗೂಡಿದರೆ 63. ತಾಮ್ರದ್ದೂ ಅದೇ 63! ಯಂತ್ರ ಪಾಪ, ಅದನ್ನೂ ತಾಮ್ರ ಅಂತಲೇ ಎಣಿಸುತ್ತದೆ. ನೀರು ಬೆರೆಸಿ ತೆಳು ಮಾಡಿದರೆ ಲೋಹವೂ ಕೈಗೆ ಸಿಗದಷ್ಟು ಕಡಿಮೆಯಾಗುತ್ತದೆ. ಕಾಯಿಸಿ ಬತ್ತಿಸಿದರೆ ಉಪ್ಪೂ ಗಟ್ಟಿಯಾಗುತ್ತದೆ. ಅಂದರೆ ಲೋಹವನ್ನು ಹಿಡಿದುಕೊಂಡು ಉಪ್ಪನ್ನು ಮಾತ್ರ ಬಿಡಬೇಕು, ಅಲ್ವಾ?

ಅದಕ್ಕೇ ಚೆಲೆಕ್ಸ್-100 ಎಂಬ ರಾಳದ ಸಣ್ಣ ಮಣಿಗಳಿವೆ. ಮಣಿಗಳ ಮೈಮೇಲೆ ಏಡಿಯ ಕೊಂಡಿಯಂಥ ಗುಂಪುಗಳು. ಹೀಗೆ ಲೋಹವನ್ನು ಕಚ್ಚಿ ಹಿಡಿಯುವುದಕ್ಕೆ ಹೇಳುವ 'ಕೀಲೇಟ್' ಎಂಬ ಮಾತು ಬಂದಿದ್ದೂ ಏಡಿಕೊಂಡಿಗೆ ಇರುವ ಗ್ರೀಕ್ ಪದದಿಂದಲೇ. ನೀರಿನ ಪಿಎಚ್ ಸುಮಾರು 6 ಇದ್ದಾಗ ತಾಮ್ರ, ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಕೊಂಡಿಗೆ ಸಿಕ್ಕಿಬೀಳುತ್ತವೆ. ಸೋಡಿಯಂ ಸುಮ್ನೆ ಹರಿದುಹೋಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸ್ವಲ್ಪ ಹಠ ಮಾಡುತ್ತವೆ. ಅಮೋನಿಯಂ ಅಸಿಟೇಟ್ ಹಾಕಿ ತೊಳೆದರೆ ಅವೂ ಜಾಗ ಬಿಡುತ್ತವೆ. ಕೊನೆಗೆ ತೆಳು ನೈಟ್ರಿಕ್ ಆಮ್ಲ ಬಿಟ್ಟರೆ ಲೋಹಗಳು ಕೆಳಗಿಳಿಯುತ್ತವೆ. 500 ಮಿಲಿಲೀಟರಿನ ಲೋಹ 10 ಮಿಲಿಲೀಟರಿಗೆ ಬಂದರೆ 50 ಪಟ್ಟು ಗಟ್ಟಿಯಾದಂತೆ.

ಆದರೆ ತಾಮ್ರ, ಕೋಬಾಲ್ಟ್ ಕೆಲವೊಮ್ಮೆ ಸಾವಯವ ಪದಾರ್ಥಗಳ ತೆಕ್ಕೆಯಲ್ಲಿದ್ದು ಕೊಂಡಿಯನ್ನು ತಪ್ಪಿಸಿಕೊಳ್ಳುತ್ತವೆ. ಹಾಗಾಗಿ ಆಮ್ಲ ಸೇರಿಸಿದ ನೀರಿಗೆ ಮೊದಲೇ ನೇರಳಾತೀತ ಬೆಳಕು ಹಾಯಿಸಿ ಆ ತೆಕ್ಕೆ ಬಿಡಿಸಬೇಕು.

ನನ್ನ ಕೇಳಿದರೆ ನಿಜವಾದ ಕಷ್ಟ ಇರುವುದು ಬೇರೆ ಕಡೆ. ನಾವೇ ಲೋಹ ಸೇರಿಸಿಬಿಡುತ್ತೇವೆ! ದೂಳಿನಲ್ಲಿ ಸೀಸ, ರಬ್ಬರಿನಲ್ಲಿ ಸತು. ತೊಳೆಯುವ ದ್ರಾವಣದಲ್ಲೂ ಚೂರುಪಾರು ಲೋಹ ಇರುತ್ತದೆ. ಅದನ್ನೂ ಅದೇ ರಾಳದಲ್ಲಿ ಹಾಯಿಸಿ ಶುದ್ಧ ಮಾಡುವುದುಂಟು. ಬಾಟಲಿಗಳು ದಿನಗಟ್ಟಲೆ ಆಮ್ಲದಲ್ಲಿ ನೆನೆಯಬೇಕು. ಜೊತೆಗೆ, ಮಾದರಿ ಇಲ್ಲದೆಯೇ ಇಡೀ ಕೆಲಸ ಒಮ್ಮೆ ಮಾಡಿ 'ಬ್ಲ್ಯಾಂಕ್' ಅಳೆಯಬೇಕು.

ಭೂಮಿಯ ವಯಸ್ಸು ಲೆಕ್ಕ ಹಾಕಿದ ಕ್ಲೇರ್ ಪ್ಯಾಟರ್ಸನ್ ಆಮೇಲೆ ಸಮುದ್ರದ ಸೀಸದ ಬೆನ್ನು ಹತ್ತಿದರು. ಹಳೆಯ ಅಂಕಿಗಳು ಸಿಕ್ಕಾಪಟ್ಟೆ ಜಾಸ್ತಿ ಎಂದು ಅವರ ತಂಡ ತೋರಿಸಿತು. ಅಲ್ಲಿಯವರೆಗೆ ಅಳೆದಿದ್ದ ಸೀಸದಲ್ಲಿ ಬಹುಪಾಲು ಸಮುದ್ರದ್ದೇ ಆಗಿರಲಿಲ್ಲ. ಹಡಗು, ಬಾಟಲಿ, ಪ್ರಯೋಗಾಲಯದ ದೂಳಿನಿಂದ ಬಂದಿತ್ತು.