ರುಬ್ಬಿ ತೋರಿಸಿ, ತೊಳೆದೂ ತೋರಿಸಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಕೂತವರಿಗೆ ಒಂದು ಗರಗರ ಸದ್ದು ಕೇಳುತ್ತಿರಬೇಕು. ಮೈಕ್ ಕೆಟ್ಟಿಲ್ಲ. ಬಾಗಿಲ ಹತ್ತಿರ ನಾನು ಮಾರುವ ಎರಡು ಲೀಟರಿನ ಗ್ರೈಂಡರ್ ಇಟ್ಟು, ನೆನೆಸಿದ ಉದ್ದು ಹಾಕಿ ಬಂದಿದ್ದೇನೆ. ಅದು ಅದರ ಕೆಲಸ ಮಾಡಲಿ, ನಾನು ನನ್ನದು ಮಾಡುತ್ತೇನೆ.

ಸಂಘದವರು ಕೊಟ್ಟ ವಿಷಯದ ಹೆಸರು ಭಾರೀ ಇದೆ: ಸಂಚಾರಿ ಪ್ರಾತ್ಯಕ್ಷಿಕೆ. ಗಿರಾಕಿ ಅಂಗಡಿಗೆ ಬರಲಿ ಅಂತ ಕಾಯದೆ, ಸಾಮಾನು ಹೊತ್ತುಕೊಂಡು ಅವರಿದ್ದಲ್ಲಿಗೇ ಹೋಗಿ, ಕಣ್ಣೆದುರು ಬಳಸಿ ತೋರಿಸೋದು. ಅಷ್ಟೇ. ಇದನ್ನು ನಾನು ಕಲಿತದ್ದು ಮುಂಬಯಿಯ ಲೋಕಲ್ ರೈಲಿನಲ್ಲಿ, ಡೊಂಬಿವಲಿ–ದಾದರ್ ಸ್ಲೋ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ.

ನಿಮ್ಮಲ್ಲಿ ಸುಮಾರು ಜನ ಅದರಲ್ಲೇ ಓಡಾಡುವವರು. ಚಾಕು ಮಾರುವ ಹೆಂಗಸನ್ನು ನೋಡಿದ್ದೀರಲ್ವಾ? ಅವಳಿಗೆ ಸಿಗುವ ಹೊತ್ತು ಎಷ್ಟು? ಸಾಯನ್ ಸ್ಟೇಷನ್ ಬಿಟ್ಟು ಮುಂದಿನ ಕುರ್ಲಾ ಬರುವಷ್ಟು. ಅಷ್ಟರಲ್ಲಿ ಚೀಲದಿಂದ ಒಂದು ಟೊಮೆಟೊ ತೆಗೆಯುತ್ತಾಳೆ. ಗಟ್ಟಿ ಟೊಮೆಟೊ ಅಲ್ಲ, ಹಣ್ಣು ಹಣ್ಣಾಗಿ ಮೆತ್ತಗಾದದ್ದು. ಗಟ್ಟಿಯದನ್ನು ಯಾವ ಚಾಕುವಾದರೂ ಕತ್ತರಿಸುತ್ತೆ. ಮೆತ್ತಗಿನದು ಮೊಂಡ ಚಾಕುವಿಗೆ ಸಿಕ್ಕರೆ ಪಿಚ್ಚಂತ ಒಡೆಯುತ್ತೆ. ರೈಲಲ್ಲಿ ಸಿಗುವ ಚಾಕು ಮೊಂಡ ಇರುತ್ತೆ ಅಂತ ನಮಗೆಲ್ಲ ಅನುಮಾನ. ಅದು ಅವಳಿಗೂ ಗೊತ್ತು. ಅದಕ್ಕೇ ಆ ಟೊಮೆಟೊ. ಎರಡು ಚೂರು ತೆಳ್ಳಗೆ ಕೊಯ್ದು, ಮೂರನೆಯದಕ್ಕೆ ಚಾಕುವನ್ನು ಎದುರು ಕೂತವಳ ಕೈಗೆ ಕೊಡುತ್ತಾಳೆ. ಮುಗಿಯಿತು ವ್ಯಾಪಾರ.

ಕಿವಿಯೋಲೆ ಮಾರುವವಳದು ಇನ್ನೊಂದು ರೀತಿ. ಇಡೀ ಪೆಟ್ಟಿಗೆಯನ್ನೇ ಕೈಗೆ ಕೊಟ್ಟುಬಿಡುತ್ತಾಳೆ. ಅದು ಕೈಯಿಂದ ಕೈಗೆ ದಾಟಿ, ಡಬ್ಬಿಯೆಲ್ಲ ಸುತ್ತಿ ಬರುತ್ತೆ. ದುಡ್ಡೂ ಹಾಗೇ ಬರುತ್ತೆ. ನನ್ನನ್ನು ನಂಬಿ ಅಂತ ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳುವುದಿಲ್ಲ, ಮೊದಲು ನಮ್ಮನ್ನು ನಂಬುತ್ತಾಳೆ. ಹಾಗಂತ ನಾಳೆಯಿಂದ ರೈಲು ಹತ್ತಬೇಡಿ. ಪರವಾನಗಿ ಇಲ್ಲದೆ ರೈಲಲ್ಲಿ ಮಾರುವುದು 1989ರ ರೈಲ್ವೆ ಕಾಯ್ದೆಯ 144ನೇ ಸೆಕ್ಷನ್ ಪ್ರಕಾರ ಅಪರಾಧ. ಆ ಹೆಂಗಸರು ಪೊಲೀಸರನ್ನು ಕಂಡರೆ ಚೀಲ ಮುಚ್ಚಿಕೊಂಡು ಇಳಿಯುವುದನ್ನೂ ನೋಡಿದ್ದೇನೆ.

ಈ ಉಪಾಯ ಹೊಸದೇನಲ್ಲ. 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಎಲಿಶಾ ಓಟಿಸ್ ತನ್ನ ಲಿಫ್ಟಿನ ಹಲಗೆಯ ಮೇಲೆ ನಿಂತು, ಮೇಲಕ್ಕೆ ಹೋಗಿ, ಎಲ್ಲರೆದುರು ಹಗ್ಗ ಕಡಿಸಿದ. ಹಲಗೆ ಸ್ವಲ್ಪ ಜಾರಿ ಗಕ್ಕನೆ ನಿಂತಿತು. ಹಗ್ಗ ಕಟ್ಟಿ ಸಾಮಾನು ಎತ್ತುವುದು ಆಗಲೇ ಎಲ್ಲರಿಗೂ ಗೊತ್ತಿತ್ತು. ಜನ ಹೆದರುತ್ತಿದ್ದದ್ದು ಹಗ್ಗ ತುಂಡಾದರೆ ಅಂತ. ಆ ಭಯವನ್ನೇ ಹಿಡಿದು ತೋರಿಸಿದ.

ನಮ್ಮ ಮುಂಬಯಿಯದೇ ಕತೆ ಬೇಕಾ? ಶಿವಡಿಯ ಕಾರ್ಖಾನೆಯಲ್ಲಿ 1932ರಲ್ಲಿ ವನಸ್ಪತಿ ತುಪ್ಪದ ತಯಾರಿ ಶುರುವಾಯಿತು. 1937ರಲ್ಲಿ ಅದಕ್ಕೆ ಡಾಲ್ಡಾ ಅಂತ ಹೆಸರು ಬಂತು. ತುಪ್ಪ ತಿನ್ನುವ ಜನಕ್ಕೆ ಎಣ್ಣೆಯಿಂದ ಮಾಡಿದ ಬಿಳಿ ಗಟ್ಟಿ ಪದಾರ್ಥ ಮಾರಬೇಕು. ಪೇಪರಲ್ಲಿ ಜಾಹೀರಾತು ಹಾಕಿದರೆ ಸಾಕಾಗುತ್ತಾ? ಡಾಲ್ಡಾ ಡಬ್ಬದ ಹಾಗೇ ದುಂಡಗಿನ ವ್ಯಾನ್ ಮಾಡಿಸಿ ಬೀದಿಗೆ ಬಿಟ್ಟರು. ಸ್ಟಾಲ್ ಹಾಕಿ, ಮುಟ್ಟಿ ನೋಡಿ, ಮೂಸಿ ನೋಡಿ, ತಿಂದು ನೋಡಿ ಅಂದರು. ಕಾಫಿಯೂ ಹಾಗೇ. 1936ರಲ್ಲಿ ಚರ್ಚ್‌ಗೇಟಿನಲ್ಲಿ ಇಂಡಿಯಾ ಕಾಫಿ ಹೌಸ್ ತೆರೆದದ್ದು ಕಾಫಿ ಸೆಸ್ ಕಮಿಟಿ. ಹೋಟೆಲ್ ನಡೆಸಿ ಲಾಭ ಮಾಡುವುದಕ್ಕಿಂತ, ನಮ್ಮ ಜನರಿಗೆ ಕಾಫಿ ರುಚಿ ಹತ್ತಿಸುವುದು ಅವರಿಗೆ ಬೇಕಿತ್ತು. ಆಮೇಲೆ 1980ರ ದಶಕದಲ್ಲಿ ಯುರೇಕಾ ಫೋರ್ಬ್ಸ್ ಕಂಪನಿಯ ಹುಡುಗರು ಟೈ ಕಟ್ಟಿಕೊಂಡು ಬಾಗಿಲು ತಟ್ಟಿದ್ದು ನೆನಪಿರಬಹುದು. ವ್ಯಾಕ್ಯೂಮ್ ಕ್ಲೀನರ್ ಹಿಡಿದು ನಮ್ಮ ಹಾಸಿಗೆಯ ಧೂಳನ್ನು ನಮಗೇ ತೋರಿಸುತ್ತಿದ್ದರು. ಅವಮಾನಕ್ಕೇ ಎಷ್ಟು ಮನೆಯವರು ಕೊಂಡರೋ!

ಇರಲಿ, ನನ್ನ ಕತೆಗೆ ಬರುತ್ತೇನೆ.

ಒಂದು ಛೋಟಾ ಹಾಥಿ ಟೆಂಪೊ ಬಾಡಿಗೆಗೆ ಹಿಡಿದು ಠಾಣೆ ಊರಿನ ಒಂದು ಸೊಸೈಟಿಗೆ, ಅಂದರೆ ಫ್ಲ್ಯಾಟುಗಳ ಕಾಂಪ್ಲೆಕ್ಸಿಗೆ ಹೋದೆ. ಭಾನುವಾರ, ಹತ್ತು ಗಂಟೆ. ವಾಚ್‌ಮನ್ ಕ್ಯಾಬಿನ್ನಿನಿಂದ ವೈರ್ ಎಳೆದು ಗ್ರೈಂಡರ್ ಶುರು ಮಾಡಿದೆ. ಹದಿನೈದು ಹೆಂಗಸರು ಸೇರಿದರು. ಐದು ನಿಮಿಷಕ್ಕೆ ಎಂಟು ಜನ ಉಳಿದರು. ಹತ್ತು ನಿಮಿಷಕ್ಕೆ ಮೂರು. ಆಮೇಲೆ ಕರೆಂಟ್ ಹೋಯಿತು. ಉಳಿದದ್ದು ನಾನು, ವಾಚ್‌ಮನ್, ಅರ್ಧ ರುಬ್ಬಿದ ಉದ್ದು.

ತಪ್ಪು ಎಲ್ಲಿ ಅಂತ ರಾತ್ರಿಯೆಲ್ಲ ಯೋಚಿಸಿದೆ. ಕರೆಂಟಿನದು ಸುಲಭ. ಈ ಗ್ರೈಂಡರಿನ ಮೋಟಾರು 150 ವಾಟ್, ಮನೆಯ ಇನ್ವರ್ಟರ್ ಬ್ಯಾಟರಿ ಧಾರಾಳ ಎಳೆಯುತ್ತೆ. ಅದನ್ನು ಟೆಂಪೊದಲ್ಲೇ ಇಟ್ಟುಕೊಂಡೆ. ದೊಡ್ಡ ತೊಂದರೆ ಹೊತ್ತಿನದು. ಉದ್ದು ಹದಕ್ಕೆ ಬರೋಕೆ ಇಪ್ಪತ್ತೈದು, ಮೂವತ್ತು ನಿಮಿಷ ಬೇಕು. ನಾನು ಮಾತು ಶುರು ಮಾಡುವಾಗ ಹಾಕಿದ್ದು ಈಗಲೂ ತಿರುಗುತ್ತಲೇ ಇದೆ, ಕೇಳಿ. ಕಲ್ಲು ತಿರುಗುವುದನ್ನು ಅಷ್ಟು ಹೊತ್ತು ಯಾರು ನಿಂತು ನೋಡುತ್ತಾರೆ? ಚಾಕುವಿನವಳಿಗೆ ಎರಡು ನಿಮಿಷ ಸಾಕಾಗಿದ್ದರೆ ನನಗೂ ಸಾಕಾಗಬೇಕು.

ಆಗ ನೆನಪಾದದ್ದು ಊರಲ್ಲಿ ಅಮ್ಮ ವಡೆಗೆ ಮಾಡುತ್ತಿದ್ದ ಪರೀಕ್ಷೆ. ಬಟ್ಟಲಲ್ಲಿ ನೀರಿಟ್ಟು, ಒಂದು ಚಿಟಿಕೆ ಹಿಟ್ಟು ಬಿಡುವುದು. ಗಾಳಿ ತುಂಬಿ ಉಬ್ಬಿದ ಹಿಟ್ಟು ತೇಲುತ್ತೆ. ಮಿಕ್ಸಿಯ ಬ್ಲೇಡು ಜೋರಾಗಿ ತಿರುಗಿ ಹಿಟ್ಟನ್ನು ಬಿಸಿ ಮಾಡುತ್ತೆ, ನೀರೂ ಜಾಸ್ತಿ ಕೇಳುತ್ತೆ. ಆ ಹಿಟ್ಟು ಹೆಚ್ಚಿನ ಸಲ ಮುಳುಗುತ್ತೆ. ಮುಂದಿನ ವಾರ ಎರಡು ಗಾಜಿನ ಲೋಟ ತೆಗೆದುಕೊಂಡು ಹೋದೆ. ಗ್ರೈಂಡರನ್ನು ಅರ್ಧ ಗಂಟೆ ಮೊದಲೇ ಶುರು ಮಾಡಿಟ್ಟೆ. ಒಂದು ಲೋಟಕ್ಕೆ ಈ ಹಿಟ್ಟು, ಇನ್ನೊಂದಕ್ಕೆ ಅವರಲ್ಲೇ ಯಾರದೋ ಮನೆಯ ಮಿಕ್ಸಿ ಹಿಟ್ಟು. ಒಂದು ತೇಲಿತು, ಒಂದು ತಳ ಸೇರಿತು. ಮಾತೇ ಬೇಕಾಗಲಿಲ್ಲ.

ಇನ್ನೊಂದು ವಿಷಯ. ದಕ್ಷಿಣದವರು ಜಾಸ್ತಿ ಇರುವ ಮಾಟುಂಗದಲ್ಲಿ ಇಡ್ಲಿ ಅಂದರೆ ನಡೆಯುತ್ತೆ. ಮುಲುಂಡಿನ ಗುಜರಾತಿ ಸೊಸೈಟಿಯಲ್ಲಿ ಇಡ್ಲಿಯ ಗುಣಗಾನ ಮಾಡಿದರೆ ತಲೆಯಾಡಿಸಿ, ನಕ್ಕು ಹೋಗುತ್ತಾರೆ. ಅಲ್ಲಿ ಇದಡಾ, ಅಂದರೆ ಅವರ ಹಬೆಯಲ್ಲಿ ಬೇಯಿಸುವ ತಿಂಡಿಯ ಹಿಟ್ಟು ರುಬ್ಬಬೇಕು. ಅದೂ ಅಕ್ಕಿ, ಉದ್ದೇ! ಮಾಲ್ವಣದ ಕಡೆಯವರು ಜಾಸ್ತಿ ಇರುವಲ್ಲಿ ಆಂಬೋಳಿ, ಅವರ ದೋಸೆ. ಯಂತ್ರ ಒಂದೇ, ಹಾಕುವ ಕಾಳು ಹೆಚ್ಚುಕಡಿಮೆ ಅದೇ. ಆದರೆ ತಮ್ಮ ಅಡುಗೆಯ ಹೆಸರು ಕಿವಿಗೆ ಬಿದ್ದಾಗ ಬಾಲ್ಕನಿಯಲ್ಲಿದ್ದವರು ಕೆಳಗಿಳಿದು ಬರುತ್ತಾರೆ.

ಆದರೂ ಬಹಳ ದಿನ ಒಂದು ಗಂಟು ಬಿಚ್ಚಲಿಲ್ಲ. ಎಲ್ಲರೂ ಚೆನ್ನಾಗಿದೆ ಅನ್ನುತ್ತಿದ್ದರು, ಕೊಳ್ಳುತ್ತಿರಲಿಲ್ಲ. ಒಂದು ದಿನ ಒಬ್ಬರು ಆಜಿ ಕೋಲೂರಿಕೊಂಡು ಬಂದು ಎಲ್ಲ ನೋಡಿ, ಮರಾಠಿಯಲ್ಲಿ ಒಂದೇ ಮಾತು ಕೇಳಿದರು: “ಇದನ್ನ ತೊಳೆಯೋರು ಯಾರಮ್ಮ?”

ನಾನು ಅಲ್ಲಿಯವರೆಗೆ ತೊಳೆಯುವ ಕೆಲಸವನ್ನು ಟೆಂಪೊ ಹಿಂದೆ, ಯಾರಿಗೂ ಕಾಣದ ಹಾಗೆ ಮಾಡುತ್ತಿದ್ದೆ. ಕಲ್ಲು ಭಾರ, ಹಿಟ್ಟು ಅಂಟಿರುತ್ತೆ, ನೋಡೋಕೆ ಚಂದ ಇರಲ್ಲ ಅಂತ. ಅವರೆಲ್ಲ ಯೋಚಿಸುತ್ತಿದ್ದದ್ದು ಬರೀ ಅದನ್ನೇ! ಅವತ್ತಿನಿಂದ ಬಕೆಟ್ಟು ಮುಂದಕ್ಕೆ ಬಂತು. ಅವರ ಕಣ್ಣೆದುರೇ ಒಂದು ಚೊಂಬು ನೀರು ಹಾಕಿ ಎರಡು ನಿಮಿಷ ತಿರುಗಿಸಿ, ಆ ನೀರನ್ನೂ ಹಿಟ್ಟಿಗೇ ಬಳಸಬಹುದು ಅಂತ ತೋರಿಸಿ, ಕಲ್ಲನ್ನು ಎತ್ತಿ ಅವರ ಕೈಗೇ ಕೊಟ್ಟೆ. ಕೆಲವರು ಭಾರ ಅಂತ ವಾಪಸ್ ಇಟ್ಟರು. ಸೊಂಟ ನೋವಿದ್ದ ಒಬ್ಬರಿಗೆ ನಾನೇ ಬೇಡ ಅಂದೆ. ಮಾರಿ, ಆಮೇಲೆ ಅಟ್ಟದ ಮೇಲೆ ಧೂಳು ತಿನ್ನುವುದಕ್ಕಿಂತ ಅದೇ ಮೇಲು. ಕೊಂಡವರು ಮಾತ್ರ ಇವತ್ತಿಗೂ ಬಳಸುತ್ತಿದ್ದಾರೆ, ಅಕ್ಕತಂಗಿಯರಿಗೂ ನನ್ನ ನಂಬರ್ ಕೊಟ್ಟಿದ್ದಾರೆ.

ಪರ್ಮಿಷನ್ ಬಗ್ಗೆ ಕೆಲವರು ಮೊದಲೇ ಕೇಳಿದ್ದರು. ಸೊಸೈಟಿ ಒಳಗಾದರೆ ಸೆಕ್ರೆಟರಿ ಒಪ್ಪಿಗೆ ಬರೆದು ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಚೇರ್ಮನ್ ಬಂದ ಕೂಡಲೇ ಕರಗಿಹೋಗುತ್ತೆ. ರಸ್ತೆಯಲ್ಲಿ ನಿಲ್ಲಿಸುವುದಾದರೆ ಮಹಾನಗರಪಾಲಿಕೆ. ಧ್ವನಿವರ್ಧಕ ಬೇಡವೇ ಬೇಡ. ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅದಿಲ್ಲದ ಕಡೆಯೂ ಭಾನುವಾರ ಬೆಳಿಗ್ಗೆ ನಿದ್ದೆ ಕೆಡಿಸಿದವರ ಹತ್ತಿರ ಯಾರು ಕೊಳ್ಳುತ್ತಾರೆ?

ಮೊಬೈಲಲ್ಲಿ ವಿಡಿಯೊ ಹಾಕಿದರೆ ಸಾಲದಾ ಅಂತ ಮಗ ಕೇಳುತ್ತಾನೆ. ಹಾಕುತ್ತೇನೆ. ಆದರೆ ವಿಡಿಯೊದಲ್ಲಿ ಎಲ್ಲರ ಹಿಟ್ಟೂ ತೇಲುತ್ತೆ. ಮುಳುಗಿದ್ದನ್ನು ಕತ್ತರಿಸಿ ತೆಗೆದಿರುತ್ತಾರೆ ಅಂತ ನೋಡುವವರಿಗೂ ಗೊತ್ತು. ಕಂಪೌಂಡಿನಲ್ಲಿ ಹಾಗೆ ಕತ್ತರಿಸೋಕೆ ಆಗಲ್ಲ. ಎರಡು ಸಲ ನನ್ನ ಹಿಟ್ಟೂ ಮುಳುಗಿದೆ, ನೀರು ಹೆಚ್ಚಾಗಿ. ಹೌದು, ಹೆಚ್ಚಾಯಿತು ಅಂತ ಹೇಳಿ ಇನ್ನೊಂದು ಹಿಡಿ ಉದ್ದು ಹಾಕಿದೆ.

ಈಗ ಬಾಗಿಲ ಹತ್ತಿರ ಕೂತ ತಂಗಿ, ನೀವೇ, ಹಸಿರು ಚೂಡಿದಾರದವರು. ಸ್ವಲ್ಪ ಎದ್ದು ಬನ್ನಿ. ಬಟ್ಟಲಲ್ಲಿ ನೀರಿದೆ, ಹಿಟ್ಟು ಬಿಡುವುದು ನೀವೇ. ಬಕೆಟ್ಟೂ ಅಲ್ಲೇ ಇದೆ.