ಡ್ರೋನ್ ಹಿಡಿದು ಜರ್ಮನಿಗೆ: ಕೆಲಸ ಶುರುವಾಗುವುದು ಬೆಂಗಳೂರು ಏರ್‌ಪೋರ್ಟ್‌ನಲ್ಲಿ

ನಮಸ್ಕಾರ. ಈಗ ಪರದೆ ಮೇಲೆ ಓಡುತ್ತಿರುವುದು ದಕ್ಷಿಣ ಜರ್ಮನಿಯ ಆಲ್‌ಗೊಯ್ ಸೀಮೆ. ಮ್ಯೂನಿಕ್‌ನಿಂದ ನೈರುತ್ಯಕ್ಕೆ ಹೊರಟರೆ, ಆಲ್ಪ್ಸ್ ಬೆಟ್ಟಗಳು ಎದ್ದು ನಿಲ್ಲುವ ಮುಂಚೆ ಈ ಹಸಿರು ಗುಡ್ಡಗಳು ಸಿಗುತ್ತವೆ. ಇದನ್ನೆಲ್ಲ ತೆಗೆದದ್ದು ನನ್ನ ಪುಟ್ಟ ಡ್ರೋನ್, ಡಿಜೆಐ ಮಿನಿ 2. ಈ ಡ್ರೋನ್ ಬೆಂಗಳೂರಿನಿಂದ ಇಲ್ಲಿಗೆ ಹೇಗೆ ಬಂತು, ಮತ್ತೆ ಬೆಂಗಳೂರಿಗೆ ಹೇಗೆ ವಾಪಸ್ ಬಂತು ಅನ್ನುವುದೇ ಇವತ್ತಿನ ವಿಷಯ.

ನಾನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಹೊರದೇಶದ ಕಸ್ಟಮ್ಸ್‌ಗೆ ಹೆದರುತ್ತಾರೆ. ಅಲ್ಲಿ ಕಿತ್ತುಕೊಂಡರೆ ಏನು ಮಾಡೋದು, ದಂಡ ಹಾಕಿದರೆ ಏನು ಮಾಡೋದು ಅಂತ. ಭಾರತದಿಂದ ಹೊರಡುವವರಿಗೆ ನಿಜವಾಗಿ ಕಷ್ಟ ಆಗುವುದು ವಾಪಸ್ ಬರುವಾಗ. ಆ ಕಷ್ಟ ತಪ್ಪಿಸುವ ಕೆಲಸವನ್ನು ಹೊರಡುವ ದಿನ ನಮ್ಮ ಏರ್‌ಪೋರ್ಟ್‌ನಲ್ಲೇ ಮಾಡಿ ಮುಗಿಸಬೇಕು.

ಯಾಕೆ ಅಂತ ಹೇಳುತ್ತೇನೆ. 2022ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಡ್ರೋನ್ ಆಮದನ್ನು ನಿಷೇಧಿಸಿತು. ಜೋಡಿಸಿದ ಡ್ರೋನ್ ಆಗಲಿ, ಅರ್ಧ ಬಿಚ್ಚಿದ್ದಾಗಲಿ, ಪೂರ್ತಿ ಬಿಚ್ಚಿ ಡಬ್ಬಕ್ಕೆ ತುಂಬಿದ್ದಾಗಲಿ, ಮೂರಕ್ಕೂ ನಿಷೇಧ. ಸಂಶೋಧನೆ, ರಕ್ಷಣೆ, ಭದ್ರತೆಯ ಕೆಲಸಕ್ಕೆ ಮಾತ್ರ ವಿನಾಯಿತಿ. ಅದಕ್ಕೂ ಅನುಮತಿ ಬೇಕು. ಡ್ರೋನ್‌ಗಳು ಇಲ್ಲೇ ತಯಾರಾಗಲಿ ಅನ್ನುವುದು ಉದ್ದೇಶ. ಅದಕ್ಕೆ ಅಂತಲೇ ಸರ್ಕಾರ 2021ರಲ್ಲಿ 120 ಕೋಟಿ ರೂಪಾಯಿಯ ಪ್ರೋತ್ಸಾಹಧನ ಯೋಜನೆಯನ್ನೂ ಘೋಷಿಸಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಇದು ತೆರಿಗೆಯ ಪ್ರಶ್ನೆ ಅಲ್ಲ. ಜಾಸ್ತಿ ಬಂಗಾರ ತಂದರೆ ಸುಂಕ ಕಟ್ಟಿ ಬಿಡಿಸಿಕೊಳ್ಳಬಹುದು. ಡ್ರೋನ್ ವಿಷಯದಲ್ಲಿ ಆ ದಾರಿಯನ್ನು ನಂಬಿಕೊಂಡು ಹೋಗಬೇಡಿ. ನಿಷೇಧಿತ ವಸ್ತು ಅಂದಮೇಲೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ 1962ರ ಕಸ್ಟಮ್ಸ್ ಕಾಯ್ದೆಯಲ್ಲೇ ಇದೆ.

ನನ್ನ ಡ್ರೋನ್ ಆ ನಿಷೇಧಕ್ಕಿಂತ ಮುಂಚಿನದು. 2021ರ ಶುರುವಿನಲ್ಲಿ ಜಿಎಸ್‌ಟಿ ಬಿಲ್ ಸಮೇತ ತಗೊಂಡದ್ದು. ನಮ್ಮ ವಿಮಾನಯಾನ ನಿಯಂತ್ರಣ ಇಲಾಖೆಯಾದ ಡಿಜಿಸಿಎಯ ನೋಂದಣಿ ನಂಬರ್, ಅಂದರೆ ಯುಐಎನ್ ಕೂಡ ಇದೆ. ತೂಕ 249 ಗ್ರಾಂ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ ವರ್ಗ. ಅದನ್ನು ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ. ಸರಿ, ಎಲ್ಲ ಕಾನೂನುಬದ್ಧವಾಗಿದೆ. ಆದರೆ ಬೆಂಗಳೂರಿಗೆ ವಾಪಸ್ ಇಳಿದಾಗ ಅಧಿಕಾರಿಯ ಎದುರು ಇರುವುದು ಒಂದು ಬ್ಯಾಗು, ಅದರೊಳಗೆ ಒಂದು ಡ್ರೋನ್ ಅಷ್ಟೇ. ಇದನ್ನು ನಾನು ಇಲ್ಲಿಂದಲೇ ಒಯ್ದೆನೋ, ಮ್ಯೂನಿಕ್ ಅಂಗಡಿಯಲ್ಲಿ ಕೊಂಡೆನೋ, ಅವರಿಗೆ ಹೇಗೆ ಗೊತ್ತಾಗಬೇಕು?

ಅದಕ್ಕೆ ಇರುವುದೇ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್. ಬೆಲೆಬಾಳುವ ಕ್ಯಾಮೆರಾ, ಲ್ಯಾಪ್‌ಟಾಪ್, ಒಡವೆ ಹೊರಗೆ ಒಯ್ಯುವವರಿಗೆ ನಮ್ಮ ಕಸ್ಟಮ್ಸ್‌ನವರು ಕೊಡುವ ಚೀಟಿ ಅದು. ಈ ವಸ್ತು ಈ ವ್ಯಕ್ತಿಯ ಜೊತೆ ಈ ದಿನ ಭಾರತದಿಂದ ಹೊರಗೆ ಹೋಯಿತು ಅಂತ ಅದರಲ್ಲಿ ಇರುತ್ತದೆ. ಬಾಡಿಗೆ ಮನೆಗೆ ಹೋಗುವ ದಿನವೇ ಗೋಡೆಯ ಬಿರುಕುಗಳ ಫೋಟೊ ತೆಗೆದಿಟ್ಟುಕೊಳ್ಳುತ್ತೇವಲ್ಲ, ಹಾಗೆಯೇ ಇದು. ಆಮೇಲೆ ಯಾರೂ ವಾದ ಮಾಡಬೇಕಾಗಿಲ್ಲ.

ಇದಕ್ಕೊಂದು ಕ್ರಮ ಇದೆ. ಡ್ರೋನ್ ಚೆಕ್-ಇನ್ ಬ್ಯಾಗಿಗೆ ಹೋಗುವುದಾದರೆ, ಬ್ಯಾಗು ಏರ್‌ಲೈನ್ ಕೌಂಟರ್‌ನಲ್ಲಿ ಬೆಲ್ಟ್ ಮೇಲೆ ಹೋಗುವ ಮೊದಲೇ ಕಸ್ಟಮ್ಸ್‌ನವರಿಗೆ ತೋರಿಸಬೇಕು. ಒಂದು ಸಲ ಬ್ಯಾಗು ಒಳಗೆ ಹೋಯಿತು ಅಂದರೆ ತೋರಿಸುವುದಕ್ಕೆ ಕೈಯಲ್ಲಿ ವಸ್ತುವೇ ಇರುವುದಿಲ್ಲ. ಅದಕ್ಕೇ ನಾನು ಡಿಪಾರ್ಚರ್ ಹಾಲ್‌ಗೆ ಕಾಲಿಟ್ಟ ಕೂಡಲೇ ಕಸ್ಟಮ್ಸ್ ಎಲ್ಲಿ ಅಂತ ಕೇಳಿದೆ. ಪಾಸ್‌ಪೋರ್ಟ್, ಟಿಕೆಟ್, ಡ್ರೋನ್ ಬಿಲ್, ಯುಐಎನ್ ಪ್ರತಿ, ಎಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಂಡಿದ್ದೆ. ಮಿನಿ 2ರ ಬ್ಯಾಟರಿ ತೆಗೆದರೆ ಒಳಗೆ ಸೀರಿಯಲ್ ನಂಬರ್ ಕಾಣುತ್ತದೆ. ಅಧಿಕಾರಿ ಅದನ್ನು ಬಿಲ್ ಜೊತೆ ಹೋಲಿಸಿ ನೋಡಿದರು. "ರಿಮೋಟ್ ನಂಬರ್ ಕೂಡ ಬರೆಸಿಬಿಡಿ ಸಾರ್, ಬರುವಾಗ ಸುಲಭ ಆಗುತ್ತೆ" ಅಂತ ಅವರೇ ಹೇಳಿದರು. ಎಷ್ಟು ಒಳ್ಳೆಯ ಮಾತು ನೋಡಿ. ಬರೆಸಿದೆ. ಸಹಿ, ಮೊಹರು ಆಯಿತು. ಅಲ್ಲೇ ನಿಂತು ಮೊಬೈಲ್‌ನಲ್ಲಿ ಫೋಟೊ ತೆಗೆದು ಮನೆಗೂ ಕಳಿಸಿದೆ. ಈ ಕೆಲಸಕ್ಕೆ ಅಂತಲೇ ಬೇರೆ ಸಮಯ ಇಟ್ಟುಕೊಂಡು ಹೊರಡಿ. ಏರ್‌ಪೋರ್ಟ್‌ಗೆ ಕೊನೇ ಗಳಿಗೆಯಲ್ಲಿ ಓಡಿ ಬರುವವರಿಗೆ ಇದು ಆಗುವ ಕೆಲಸ ಅಲ್ಲ.

ಈಗ ಬ್ಯಾಟರಿ. ಇದು ಎಲ್ಲ ದೇಶಕ್ಕೂ ಒಂದೇ, ಹಾಗಾಗಿ ಬೇಗ ಮುಗಿಸುತ್ತೇನೆ. ಬಿಡಿ ಲಿಥಿಯಂ ಬ್ಯಾಟರಿ ಚೆಕ್-ಇನ್ ಬ್ಯಾಗಿನಲ್ಲಿ ಹೋಗುವಂತಿಲ್ಲ, ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್‌ವರೆಗೆ ತೊಂದರೆ ಇಲ್ಲ. 100ರಿಂದ 160ರವರೆಗಿನದಕ್ಕೆ ಏರ್‌ಲೈನ್ ಒಪ್ಪಿಗೆ ಬೇಕು. ಲೆಕ್ಕ ಸುಲಭ. ವೋಲ್ಟ್ ಅನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. ಮಿನಿ 2ರ ಬ್ಯಾಟರಿ 7.7 ವೋಲ್ಟ್, 2250 ಮಿಲಿಆಂಪಿಯರ್-ಅವರ್, ಅಂದರೆ 2.25 ಆಂಪಿಯರ್-ಅವರ್. ಗುಣಿಸಿದರೆ 17.32. ಮಿತಿಗಿಂತ ಎಷ್ಟೋ ಕೆಳಗೆ. ಬ್ಯಾಟರಿಯ ಲೋಹದ ತುದಿಗಳಿಗೆ ಟೇಪ್ ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ. ಡ್ರೋನ್ ಅನ್ನು ಮಾತ್ರ ಕ್ಯಾಬಿನ್‌ಗೆ ಬಿಡುತ್ತಾರೋ ಇಲ್ಲವೋ ಅನ್ನುವುದು ಏರ್‌ಲೈನ್‌ನಿಂದ ಏರ್‌ಲೈನ್‌ಗೆ ಬದಲಾಗುತ್ತದೆ. ಟಿಕೆಟ್ ಮಾಡಿಸುವಾಗಲೇ ಕೇಳಿ ತಿಳಿದುಕೊಳ್ಳಿ.

ಇನ್ನು ಯುರೋಪಿನ ನಿಯಮ. ಇದನ್ನು ನಾನು ಮನಸ್ಸಿಟ್ಟು ಓದಿದ್ದೇನೆ, ಮತ್ತು ನನಗೆ ಇದು ನಿಜಕ್ಕೂ ಇಷ್ಟ ಆಗಿದೆ. 2020ರ ಡಿಸೆಂಬರ್ 31ರಿಂದ ಯುರೋಪಿಯನ್ ಯೂನಿಯನ್ ಪೂರ್ತಿಗೆ ಒಂದೇ ಡ್ರೋನ್ ನಿಯಮ ಬಂದಿದೆ. ನಮ್ಮಂಥ ಹೊರಗಿನವರು ಮೊದಲು ಯಾವ ದೇಶದಲ್ಲಿ ಹಾರಿಸುತ್ತೇವೋ ಆ ದೇಶದಲ್ಲಿ ಆಪರೇಟರ್ ಅಂತ ನೋಂದಾಯಿಸಿದರೆ ಸಾಕು. ಆ ನಂಬರ್ ಉಳಿದ ಸದಸ್ಯ ದೇಶಗಳಲ್ಲೂ ನಡೆಯುತ್ತದೆ. ಜರ್ಮನಿಯಲ್ಲಿ ಇದನ್ನು ಎಲ್‌ಬಿಎ ಅನ್ನುವ ವಿಮಾನಯಾನ ಇಲಾಖೆ ಮಾಡುತ್ತದೆ, ಎಲ್ಲ ಆನ್‌ಲೈನ್. 250 ಗ್ರಾಂ ಒಳಗಿದ್ದರೆ ಏನೂ ಬೇಡ ಅಂತ ತುಂಬಾ ಜನ ಹೇಳುತ್ತಾರೆ. ಅದು ಸರಿಯಲ್ಲ. ಕ್ಯಾಮೆರಾ ಇದ್ದರೆ ನೋಂದಣಿ ಬೇಕೇ ಬೇಕು. ಡ್ರೋನ್ ಹಾರಿಸುವವರಿಗೆ ಒಂದು ಆನ್‌ಲೈನ್ ಪರೀಕ್ಷೆ ಇದೆ, ಆ ತೂಕದವರು ಅದನ್ನು ಬರೆಯಬೇಕಿಲ್ಲ, ಅಷ್ಟೇ ವಿನಾಯಿತಿ.

ನೋಂದಣಿ ನಂಬರ್ ಬಂದಮೇಲೆ ಡ್ರೋನ್ ಮೇಲೆ ಅಂಟಿಸಬೇಕು. ಈಗ ಕಾಣುತ್ತಿದೆಯಲ್ಲ, ಈ ಪುಟ್ಟ ಚೀಟಿ, ಅದೇ. ನಂಬರಿನ ಕೊನೆಯಲ್ಲಿ ಒಂದು ಗೀಟು, ಅದಾದ ಮೇಲೆ ಮೂರು ಅಕ್ಷರ ಬರುತ್ತವೆ. ಅವು ಗುಟ್ಟಾಗಿ ಇರಬೇಕು, ಡ್ರೋನ್ ಮೇಲೆ ಬರೆಯಬಾರದು. ಅದಕ್ಕೇ ನಾನು ಚೀಟಿಯಲ್ಲಿ ಗೀಟಿಗಿಂತ ಮೊದಲು ಬರುವ ಭಾಗ ಮಾತ್ರ ಬರೆದಿದ್ದೇನೆ.

ಇನ್ಶೂರೆನ್ಸ್ ಬಗ್ಗೆಯೂ ಒಂದು ಮಾತು. ಜರ್ಮನಿಯಲ್ಲಿ ಎಷ್ಟು ಚಿಕ್ಕ ಡ್ರೋನ್ ಆದರೂ ಹೊಣೆಗಾರಿಕೆ ವಿಮೆ ಕಡ್ಡಾಯ. ನಿಮ್ಮ ಡ್ರೋನ್ ಯಾರದೋ ಕಾರಿನ ಗಾಜಿಗೆ ಬಿದ್ದರೆ ಅದರ ಖರ್ಚು ಕೊಡುವ ವಿಮೆ. ವೀಸಾಗೆ ಅಂತ ಮಾಡಿಸುವ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಇದು ಇರುತ್ತದೆ ಅಂತ ಅಂದುಕೊಳ್ಳಬೇಡಿ. ಡ್ರೋನ್‌ಗೆ ಅಂತಲೇ ಬೇರೆ ಪಾಲಿಸಿ ತಗೊಂಡು, ಅದರ ಪ್ರತಿಯನ್ನು ಅದೇ ಫೈಲಿಗೆ ಸೇರಿಸಿ.

ಮ್ಯೂನಿಕ್ ಕಸ್ಟಮ್ಸ್‌ನಲ್ಲಿ ನನಗೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಪ್ರವಾಸಿ ತನ್ನ ಸ್ವಂತ ಬಳಕೆಗೆ ತಂದು, ವಾಪಸ್ ಒಯ್ಯುವ ವಸ್ತುವಿಗೆ ಅಲ್ಲಿ ಸುಂಕ ಇಲ್ಲ. ನಾನು ಗ್ರೀನ್ ಚಾನೆಲ್‌ನಲ್ಲಿ, ಅಂದರೆ ಘೋಷಿಸಲು ಏನೂ ಇಲ್ಲದವರ ದಾರಿಯಲ್ಲಿ, ನಡೆದುಕೊಂಡು ಹೊರಗೆ ಬಂದೆ. ಯಾರಾದರೂ ಕೇಳಿದ್ದರೆ ತೋರಿಸಲು ಬಿಲ್ ಮತ್ತು ನಮ್ಮ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಎರಡೂ ಕೈಯಲ್ಲಿದ್ದವು. ಸಿನಿಮಾ ಶೂಟಿಂಗ್‌ಗೆ ದೊಡ್ಡ ಸಾಮಾನು ಒಯ್ಯುವವರ ದಾರಿ ಬೇರೆ. ಅವರು ಸಾಮಾನನ್ನು ಸ್ವಲ್ಪ ದಿನಕ್ಕೆ ಒಯ್ದು ವಾಪಸ್ ತರಲು ಎಟಿಎ ಕಾರ್ನೆ ಅನ್ನುವ ದಾಖಲೆ ಮಾಡಿಸುತ್ತಾರೆ, ಭಾರತದಲ್ಲಿ ಅದನ್ನು ಫಿಕ್ಕಿ ಅನ್ನುವ ವಾಣಿಜ್ಯ ಒಕ್ಕೂಟ ಕೊಡುತ್ತದೆ. ಹವ್ಯಾಸಕ್ಕೆ ಹಾರಿಸುವ ನಮಗೆ ಅದರ ಅಗತ್ಯ ಇಲ್ಲ.

ಹಾರಿಸುವ ಜಾಗ ಹುಡುಕುವುದು ಮಾತ್ರ ದೊಡ್ಡ ಕೆಲಸವೇ. ಜರ್ಮನಿಯಲ್ಲಿ ಡಿಪುಲ್ ಅನ್ನುವ ಸರ್ಕಾರಿ ನಕ್ಷೆ ಇದೆ. ವಿಮಾನ ನಿಲ್ದಾಣದ ಸುತ್ತಮುತ್ತಲಿನ ಜಾಗ, ಪ್ರಕೃತಿ ಸಂರಕ್ಷಣಾ ಪ್ರದೇಶ, ರೈಲು ಹಳಿ, ಹೆದ್ದಾರಿ, ಜನರ ಮನೆ, ಎಲ್ಲಕ್ಕೂ ಅದರಲ್ಲಿ ಬಣ್ಣ ಬಳಿದಿದ್ದಾರೆ. ಬೆರ್ಖ್ಟೆಸ್‌ಗಾಡೆನ್ ನ್ಯಾಷನಲ್ ಪಾರ್ಕ್‌ನಲ್ಲಿ, ಅಂದರೆ ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಕೋನಿಗ್‌ಸೀ ಸರೋವರದ ಹತ್ತಿರ, ಡ್ರೋನ್ ಹಾರಿಸುವಂತಿಲ್ಲ. ಅಲ್ಲಿ ನಾನು ಬ್ಯಾಗಿನ ಜಿಪ್ ಕೂಡ ತೆಗೆಯಲಿಲ್ಲ.

ಈ ಹುಲ್ಲುಗಾವಲು ಒಬ್ಬ ರೈತರದು. ಖಾಸಗಿ ಜಾಗದಿಂದ ಹಾರಿಸಬೇಕಾದರೆ ಮಾಲೀಕರ ಒಪ್ಪಿಗೆ ಬೇಕು. ರಸ್ತೆ ಪಕ್ಕ ಟ್ರ್ಯಾಕ್ಟರ್ ನಿಲ್ಲಿಸಿದ್ದರು, ಹೋಗಿ ಕೇಳಿದೆ. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಹುಲ್ಲು ಕೊಯ್ದಾಗಿದೆ, ಹಾರಿಸಿ, ಹಸುಗಳ ಮೇಲೆ ಮಾತ್ರ ಬೇಡ ಅಂದರು. ನನ್ನ ಡ್ರೋನ್ ಕೈಗೆ ತಗೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ ಅವರು ಹೇಳಿದ್ದು ನನಗೆ ತುಂಬಾ ಇಷ್ಟವಾಯಿತು. ಮೇ, ಜೂನ್ ತಿಂಗಳಲ್ಲಿ ಜಿಂಕೆ ಮರಿಗಳು ಎತ್ತರದ ಹುಲ್ಲಿನಲ್ಲಿ ಅಲುಗಾಡದೆ ಮಲಗಿರುತ್ತವೆ. ಕೊಯ್ಲು ಯಂತ್ರ ಬಂದರೂ ಓಡುವುದಿಲ್ಲ. ಅದಕ್ಕೆ ಬೆಳಗಿನ ಜಾವ ಶಾಖ ಗುರುತಿಸುವ ಕ್ಯಾಮೆರಾ ಇರುವ ಡ್ರೋನ್ ಹಾರಿಸಿ, ಮರಿಗಳನ್ನು ಹುಡುಕಿ ಪಕ್ಕಕ್ಕೆ ಸರಿಸಿ, ಆಮೇಲೆ ಹುಲ್ಲು ಕೊಯ್ಯುತ್ತಾರೆ. ಜರ್ಮನಿಯಲ್ಲಿ ಸ್ವಯಂಸೇವಕರ ಗುಂಪುಗಳು ಊರೂರಿನಲ್ಲಿ ಈ ಕೆಲಸ ಮಾಡುತ್ತವೆ. ಡ್ರೋನ್ ಅಂದರೆ ಬರೀ ಮದುವೆ ವಿಡಿಯೊ ಅಂದುಕೊಂಡವರು ಇದನ್ನು ಖಂಡಿತ ನೋಡಬೇಕು.

ಜರ್ಮನಿಯ ಅನುಭವವನ್ನೇ ಎಲ್ಲ ದೇಶಕ್ಕೂ ಅನ್ವಯಿಸಬೇಡಿ. ಮೊರಾಕೊ ಮತ್ತು ಈಜಿಪ್ಟ್‌ಗೆ ಅನುಮತಿ ಇಲ್ಲದೆ ಡ್ರೋನ್ ಒಯ್ಯಲೇಬೇಡಿ. ಹಾರಿಸುವುದು ಆಮೇಲಿನ ಮಾತು, ಒಳಗೆ ತರುವುದೇ ತಪ್ಪು. ನಮ್ಮ ಪಕ್ಕದ ನೇಪಾಳ, ಭೂತಾನ್‌ನಲ್ಲೂ ಮೊದಲೇ ಅನುಮತಿ ಕೇಳಬೇಕು. ಬೈಕ್‌ನಲ್ಲಿ ಗಡಿ ದಾಟುವ ನಮ್ಮ ಹುಡುಗರು ಇದನ್ನು ಮರೆಯಬೇಡಿ. ರಸ್ತೆ ಗಡಿಯಲ್ಲೂ ಕಸ್ಟಮ್ಸ್ ಇರುತ್ತದೆ. 249 ಗ್ರಾಂ ಅನ್ನುವ ಲೆಕ್ಕ ಕೂಡ ಎಲ್ಲ ಕಡೆ ನಡೆಯುವುದಿಲ್ಲ. ಜಪಾನ್‌ನಲ್ಲಿ ಡ್ರೋನ್ ನಿಯಮಗಳು ಶುರುವಾಗುವ ತೂಕದ ಮಿತಿ ಮೊದಲು 200 ಗ್ರಾಂ ಇತ್ತು. ಡಿಜೆಐ ಕಂಪನಿ ಆ ದೇಶಕ್ಕೆ ಅಂತಲೇ 199 ಗ್ರಾಂನ ಮಾವಿಕ್ ಮಿನಿ ಮಾಡಿತ್ತು. 2022ರ ಜೂನ್ 20ರಿಂದ ಆ ಮಿತಿ 100 ಗ್ರಾಂಗೆ ಇಳಿಯಿತು. ಈಗ ನೋಂದಣಿ ಜೊತೆಗೆ ರಿಮೋಟ್ ಐಡಿ, ಅಂದರೆ ಹಾರುವಾಗ ಡ್ರೋನ್ ತನ್ನ ಗುರುತನ್ನು ರೇಡಿಯೊ ಮೂಲಕ ಕಳಿಸುವ ವ್ಯವಸ್ಥೆಯೂ ಬೇಕು, ಅದು ಮಿನಿ 2ರ ಒಳಗೆ ಇಲ್ಲ. ಅಲ್ಲಿ ಹಾರಿಸಬೇಕಾದರೆ ಹೊರಗಿನಿಂದ ಒಂದು ಸಾಧನ ಜೋಡಿಸಬೇಕು.

ಇಷ್ಟು ಬಿಗಿ ಯಾಕೆ ಅಂತ ಬೇಸರ ಮಾಡಿಕೊಳ್ಳುವವರಿಗೆ ಎರಡು ಘಟನೆ ನೆನಪಿಸುತ್ತೇನೆ. 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಗ್ಯಾಟ್ವಿಕ್ ಏರ್‌ಪೋರ್ಟ್ ಬಳಿ ಡ್ರೋನ್ ಕಂಡಿತು ಅನ್ನುವ ವರದಿಯಿಂದ ಸುಮಾರು ಸಾವಿರ ವಿಮಾನಗಳಿಗೆ ತೊಂದರೆ ಆಯಿತು, ಅದೂ ಕ್ರಿಸ್‌ಮಸ್ ಸಮಯದಲ್ಲಿ. 2021ರ ಜೂನ್‌ನಲ್ಲಿ ನಮ್ಮದೇ ಜಮ್ಮುವಿನ ವಾಯುನೆಲೆ ಮೇಲೆ ಡ್ರೋನ್‌ನಿಂದ ಸ್ಫೋಟಕ ಬಿತ್ತು. ಕೌಂಟರ್‌ನಲ್ಲಿ ಕೂತ ಅಧಿಕಾರಿ ನಮ್ಮ ಆಟಿಕೆಯಂಥ ಡ್ರೋನ್ ನೋಡಿದಾಗ ಅವರ ತಲೆಯಲ್ಲಿ ಇವೆಲ್ಲ ಇರುತ್ತವೆ, ಅಲ್ವಾ? ಅವರು ಪ್ರಶ್ನೆ ಕೇಳುವುದು ಸರಿಯೇ.

ಈಗ ವಾಪಸ್ ಬಂದ ಕಥೆ. ಬೆಂಗಳೂರಿನಲ್ಲಿ ಇಳಿದು, ಬೆಲ್ಟ್‌ನಿಂದ ಬ್ಯಾಗು ತಗೊಂಡು, ನೇರ ರೆಡ್ ಚಾನೆಲ್‌ಗೆ, ಅಂದರೆ ಘೋಷಿಸುವ ವಸ್ತು ಇರುವವರ ದಾರಿಗೆ, ಹೋದೆ. ಡ್ರೋನ್ ಇದ್ದರೆ ಡಿಕ್ಲೇರ್ ಮಾಡಲೇಬೇಕು. ಸುಮ್ನೆ ಗ್ರೀನ್ ಚಾನೆಲ್‌ನಲ್ಲಿ ನುಸುಳಿ ಹೋಗೋಣ ಅನ್ನುವ ಯೋಚನೆ ಬೇಡ. ಎಕ್ಸ್‌ರೇ ಯಂತ್ರದಲ್ಲಿ ಡ್ರೋನ್ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಸಿಕ್ಕಿಬಿದ್ದರೆ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಇದ್ದವರಿಗೂ ಸುಮ್ಮನೆ ವಿವರಣೆ ಕೊಡುವ ಪರಿಸ್ಥಿತಿ ಬರುತ್ತದೆ. ನಾನು ಫೈಲು ಮುಂದೆ ಇಟ್ಟೆ. ಡ್ರೋನ್ ನಂಬರ್, ರಿಮೋಟ್ ನಂಬರ್, ಎರಡನ್ನೂ ಚೀಟಿಯ ಜೊತೆ ಹೋಲಿಸಿದರು. ಹೋಗಬಹುದು ಅಂದರು. ಹೊರಡುವ ದಿನ ಆ ಅಧಿಕಾರಿ ರಿಮೋಟ್ ನಂಬರ್ ಬರೆಸಿ ಅಂದದ್ದು ಎಷ್ಟು ಉಪಯೋಗಕ್ಕೆ ಬಂತು ಅಂತ ಆಗ ಗೊತ್ತಾಯಿತು.

ಕೊನೆಗೆ ದುಬೈ, ಸಿಂಗಪುರ, ಅಮೆರಿಕದಲ್ಲಿರುವ ನಮ್ಮ ಕನ್ನಡದವರಿಗೆ ಒಂದು ವಿನಂತಿ. ಊರಿಗೆ ಬರುವಾಗ ಅಕ್ಕನ ಮಗ ಫೋನ್ ಮಾಡಿ "ಮಾಮ, ನನಗೊಂದು ಡ್ರೋನ್ ತಂದುಕೊಡಿ" ಅಂತಾನೆ. ಅಲ್ಲಿ ಬೆಲೆ ಕಡಿಮೆ, ಅಂಗಡಿ ಮನೆ ಹತ್ತಿರ, ಮಗುವಿನ ಆಸೆ. ಎಲ್ಲ ಅರ್ಥವಾಗುತ್ತದೆ. ಆದರೂ ತರಬೇಡಿ. ಹೊಸ ಡ್ರೋನ್‌ಗೆ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಇರುವುದಿಲ್ಲ. ಉಡುಗೊರೆ ಅನ್ನುವ ಕಾರಣಕ್ಕೆ ನಿಷೇಧದಿಂದ ವಿನಾಯಿತಿಯೂ ಸಿಗುವುದಿಲ್ಲ. ಹುಡುಗನಿಗೆ ನಿಜವಾಗಿ ಆಸಕ್ತಿ ಇದ್ದರೆ, ಅದೇ ದುಡ್ಡಿನಲ್ಲಿ ಭಾರತದಲ್ಲೇ ತಯಾರಾದ ನ್ಯಾನೊ ಡ್ರೋನ್ ಕೊಡಿಸಿ, ಬಿಲ್ ಅವನ ಹೆಸರಿನಲ್ಲೇ ಮಾಡಿಸಿ. ಮುಂದೆ ಅವನೂ ಹೊರದೇಶಕ್ಕೆ ಹೊರಟಾಗ ಆ ಬಿಲ್ ಬೇಕಾಗುತ್ತದೆ.